ಪ್ಯಾಚ್ ಕಳಿಸುವುದು ಸುಲಭವಾಯಿತು, ಉತ್ತರ ಸಿಗುವುದು ಕಷ್ಟವಾಗಿದೆ

ಒಂದು ಚಿಕ್ಕ ತಪ್ಪಿನಿಂದ ಶುರು ಮಾಡೋಣ. ನೀವು ದಿನಾ ಬಳಸುವ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು. ಫೈಲ್ ತೆರೆಯಲು ಹೋದರೆ ‘ಫೈಲ್ ಸಿಗಲಿಲ್ಲ’ ಅನ್ನುತ್ತದೆ. ಫೈಲ್ ಅಲ್ಲೇ ಇದೆ, ಅದನ್ನು ಓದುವ ಅನುಮತಿ ನಿಮಗಿಲ್ಲ, ಅಷ್ಟೇ. ಸಂದೇಶ ದಾರಿ ತಪ್ಪಿಸುತ್ತಿದೆ. ಸ್ವಲ್ಪ ಕೋಡ್ ಬರೆಯಲು ಬರುವ ಯಾರಾದರೂ ಇದನ್ನು ಸರಿ ಮಾಡಬಹುದು. ಎರಡು ಕಾರಣಗಳನ್ನು ಬೇರೆ ಮಾಡಿ, ಎರಡು ಬೇರೆ ಸಂದೇಶ ತೋರಿಸಿದರೆ ಆಯಿತು. ನಾಲ್ಕೈದು ಸಾಲಿನ ಕೆಲಸ. ಇಂಥ ತಿದ್ದುಪಡಿಯ ತುಣುಕಿಗೇ ಪ್ಯಾಚ್ ಎನ್ನುತ್ತಾರೆ.

ಆ ನಾಲ್ಕೈದು ಸಾಲು ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ಸಿಗಬೇಕಾದರೆ ಏನೇನು ಆಗಬೇಕು ನೋಡಿ. ಮೂಲ ಕೋಡ್ ಎಲ್ಲಿದೆ ಎಂದು ಹುಡುಕಬೇಕು. ಒಂದೇ ಹೆಸರಿನ ಹತ್ತಾರು ನಕಲುಗಳಲ್ಲಿ ಅಸಲಿ ಯಾವುದು ಎಂದು ತಿಳಿಯಬೇಕು. ಅದನ್ನು ನಿಮ್ಮ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಬೇಕು, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ಕಟ್ಟಬೇಕು. ಬಿಲ್ಡ್ ಮಾಡಲು ಇನ್ನೇನೋ ಹತ್ತು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇಕು. ಕೋಡ್ ಸರಿಯಾಗಿ ನಡೆಯುತ್ತದೆಯಾ ಎಂದು ನೋಡುವ ಟೆಸ್ಟ್ ಓಡಿಸಬೇಕು. ಆ ಪ್ರಾಜೆಕ್ಟಿನವರ ಶೈಲಿಗೆ ಕೋಡ್ ಒಗ್ಗಿಸಬೇಕು. ಕಮಿಟ್ (ದಾಖಲಾಗುವ ಒಂದು ಬದಲಾವಣೆ) ಸಂದೇಶವನ್ನು ಅವರು ಕೇಳುವ ರೀತಿಯಲ್ಲೇ ಬರೆಯಬೇಕು. ಕಾನೂನಿನ ಒಪ್ಪಿಗೆ ಕೊಡಬೇಕು. ಕಳಿಸಬೇಕು. ಆಮೇಲೆ ಕಾಯಬೇಕು.

ಈ ಕೊನೆಯ ಹೆಜ್ಜೆಯ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಹೊಸಬರಿಗೆ ದಾರಿ ಸುಲಭ ಮಾಡಬೇಕು ಎಂಬ ಮಾತು ಓಪನ್ ಸೋರ್ಸ್ ಜಗತ್ತಿನಲ್ಲಿ ಬಹಳ ಹಳೆಯದು. ಆದರೆ ಆ ಮಾತಿನ ಹಿಂದಿನ ದುಡಿಮೆಯೆಲ್ಲ ಹೆಚ್ಚಾಗಿ ಪ್ಯಾಚ್ ಕಳಿಸುವವರೆಗಿನ ದಾರಿಗೇ ಖರ್ಚಾಗಿದೆ. ಕಳಿಸಿದ ಮೇಲೆ ಏನಾಗುತ್ತದೆ ಎಂಬುದರ ಮೇಲೆ ಕೆಲಸ ಕಡಿಮೆ. ಕಳೆದ ಎರಡು ಮೂರು ವರ್ಷಗಳಲ್ಲಂತೂ ಆ ಭಾಗವೇ ಕುಸಿಯುತ್ತಿದೆ.

ಇಮೇಲಾ, ವೆಬ್ಬಾ?

ಹೊಸಬರ ಕಷ್ಟದ ಮಾತು ಬಂದಾಗಲೆಲ್ಲ ಮೊದಲು ಬೈಸಿಕೊಳ್ಳುವುದು ಇಮೇಲ್. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್ 1991ರಲ್ಲಿ ಶುರುವಾದಾಗಿನಿಂದ ಇವತ್ತಿನವರೆಗೂ ಅಲ್ಲಿ ಪ್ಯಾಚುಗಳು ಇಮೇಲಿನಲ್ಲೇ ಓಡಾಡುತ್ತವೆ. 2005ರಲ್ಲಿ ಕರ್ನಲ್‌ನ ಜನಕ ಲಿನಸ್ ಟೊರ್ವಾಲ್ಡ್ಸ್, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಬರೆದದ್ದೇ ಕರ್ನಲ್ ಕೆಲಸಕ್ಕಾಗಿ. ಹಾಗಾಗಿ ಕಮಿಟ್ ಅನ್ನು ಇಮೇಲ್ ರೂಪಕ್ಕೆ ತರುವ, ಅದನ್ನು ಕಳಿಸುವ ಕಮಾಂಡುಗಳು ಗಿಟ್ ಒಳಗೇ ಇವೆ.

ಗೊತ್ತಿದ್ದವರಿಗೆ ಇದು ನೀರು ಕುಡಿದಷ್ಟು ಸಲೀಸು. ಗೊತ್ತಿಲ್ಲದವರಿಗೆ ಮೊದಲ ಏಟೇ ಜೋರು. ಮಾಮೂಲಿ ಜಿಮೇಲ್ ಪುಟ ತೆರೆದು ಪ್ಯಾಚ್ ಅಂಟಿಸಿ ಕಳಿಸಿದರೆ ಅದು ಕೆಟ್ಟುಹೋಗುತ್ತದೆ. ಟ್ಯಾಬುಗಳೆಲ್ಲ ಸ್ಪೇಸ್ ಆಗುತ್ತವೆ, ಉದ್ದದ ಸಾಲುಗಳು ನಡುವೆ ಮುರಿಯುತ್ತವೆ. ಪಡೆದವರು ಅದನ್ನು ಕೋಡಿಗೆ ಹಚ್ಚಲು ಹೋದರೆ ಗಿಟ್ ಒಪ್ಪುವುದಿಲ್ಲ. ಯಾವ ಯಾವ ಇಮೇಲ್ ಪ್ರೋಗ್ರಾಂ ಪ್ಯಾಚನ್ನು ಹಾಳು ಮಾಡುತ್ತದೆ, ಯಾವುದಕ್ಕೆ ಏನು ಸೆಟ್ಟಿಂಗ್ ಎಂದು ಹೇಳಲು ಕರ್ನಲ್ ದಾಖಲೆಗಳಲ್ಲಿ ಒಂದು ಪುಟವೇ ಇದೆ. ಜಿಮೇಲಿನ ವೆಬ್ ಪುಟ ಪ್ಯಾಚ್ ಕಳಿಸಲು ಬರುವುದಿಲ್ಲ ಎಂದು ಅಲ್ಲಿ ನೇರವಾಗಿ ಬರೆದಿದ್ದಾರೆ. ಗಿಟ್ ಮೂಲಕವೇ ಕಳಿಸೋಣ ಅಂದರೆ ಮೇಲ್ ಸರ್ವರ್, ಪೋರ್ಟ್, ಪಾಸ್‌ವರ್ಡ್ ಎಲ್ಲ ಹೊಂದಿಸಬೇಕು. ಯಾರಿಗೆ ಕಳಿಸಬೇಕು ಎಂದು ತಿಳಿಯಲು ಒಂದು ಸ್ಕ್ರಿಪ್ಟ್, ಶೈಲಿ ಸರಿ ಇದೆಯಾ ಎಂದು ನೋಡಲು ಇನ್ನೊಂದು. ಎರಡನೇ ಸಲ ಕಳಿಸುವಾಗ ವಿಷಯದ ಸಾಲಿನಲ್ಲಿ ವಿ2 ಎಂದಿರಬೇಕು. ಹಿಂದಿನ ಸಲಕ್ಕಿಂತ ಏನು ಬದಲಾಯಿತು ಎಂಬುದನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆಯಬೇಕು, ಮೇಲೆ ಬರೆದರೆ ಅದು ಶಾಶ್ವತವಾಗಿ ಇತಿಹಾಸಕ್ಕೆ ಸೇರಿಬಿಡುತ್ತದೆ.

2008ರಲ್ಲಿ, ಗಿಟ್ ಕೋಡನ್ನು ವೆಬ್ಬಿನಲ್ಲೇ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣ ಬಂದಾಗ ಈ ಕಗ್ಗಂಟಿನಲ್ಲಿ ಬಹುಪಾಲು ಕರಗಿತು. ಫೋರ್ಕ್ ಮಾಡಿ (ನಿಮ್ಮದೇ ನಕಲು ತೆಗೆದುಕೊಳ್ಳಿ), ಬದಲಿಸಿ, ಗುಂಡಿ ಒತ್ತಿ. ‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಈ ಕೋರಿಕೆಯೇ ಪುಲ್ ರಿಕ್ವೆಸ್ಟ್. ಚಿಕ್ಕ ತಿದ್ದುಪಡಿಗೆ ಬ್ರೌಸರ್ ಬಿಟ್ಟು ಹೊರಗೆ ಬರುವುದೂ ಬೇಡ. ದೊಡ್ಡ ಪ್ರಾಜೆಕ್ಟುಗಳು ಒಂದೊಂದಾಗಿ ಈ ಕಡೆ ಬಂದವು. ಪೈಥಾನ್ ಭಾಷೆ 2017ರಲ್ಲಿ ಗಿಟ್‌ಹಬ್‌ಗೆ ಬಂತು. ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್ 2018ರಲ್ಲಿ, ಕೆಡಿಇ 2020ರಲ್ಲಿ, ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬ್ ಅನ್ನು ತಾವೇ ನಡೆಸಲು ಶುರು ಮಾಡಿದವು. ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರುಗಳಿಗೆ ಸಲಕರಣೆಯಾದ ಎಲ್‌ಎಲ್‌ವಿಎಂ 2023ರಲ್ಲಿ ಪುಲ್ ರಿಕ್ವೆಸ್ಟಿಗೆ ಹೊರಳಿತು. ಇಮೇಲಿನಲ್ಲೇ ಪ್ಯಾಚ್ ತೆಗೆದುಕೊಳ್ಳುವ ಗಿಟ್ ಪ್ರಾಜೆಕ್ಟಿಗೇ ಒಂದು ಸೇತುವೆ ಸಿದ್ಧವಾಯಿತು. ಗಿಟ್‌ಗಿಟ್‌ಗ್ಯಾಜೆಟ್ ಎಂಬ ಅದರ ಹೆಸರು ವಿಚಿತ್ರ, ಕೆಲಸ ಚೊಕ್ಕ. ನೀವು ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ತೆರೆದರೆ ಅದನ್ನು ಸರಿಯಾದ ಇಮೇಲ್ ಪ್ಯಾಚುಗಳಾಗಿ ಮಾಡಿ ಕಳಿಸಿಕೊಡುತ್ತದೆ. ಹಳಬರ ಪದ್ಧತಿ ಅವರಿಗೆ ಉಳಿಯಿತು, ಹೊಸಬರ ಕಷ್ಟ ತಪ್ಪಿತು. ಇಂಥ ಸೇತುವೆಗಳು ಇನ್ನೂ ಜಾಸ್ತಿ ಬರಬೇಕಿತ್ತು ಅನಿಸುತ್ತದೆ.

ಆದರೆ ಇಮೇಲೇ ಹೊಸಬರನ್ನು ಓಡಿಸುತ್ತದೆ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕರ್ನಲ್ ಒಂಬತ್ತು ಹತ್ತು ವಾರಕ್ಕೊಂದು ಆವೃತ್ತಿ ಬಿಡುತ್ತದೆ. ಪ್ರತಿ ಆವೃತ್ತಿಯಲ್ಲೂ ಸುಮಾರು 2 ಸಾವಿರ ಜನರ ಕೋಡ್ ಇರುತ್ತದೆ. ಅವರಲ್ಲಿ 200ಕ್ಕೂ ಹೆಚ್ಚು ಜನ ಮೊದಲ ಸಲ ಪ್ಯಾಚ್ ಕಳಿಸಿದವರು. ಇಷ್ಟು ತೊಡಕಿನ ಇಮೇಲ್ ದಾಟಿ ಅವರು ಹೇಗೆ ಬಂದರು? ಕರ್ನಲ್ ಕೆಲಸದ ದೊಡ್ಡ ಪಾಲು ಕಂಪನಿಗಳಲ್ಲಿ ಸಂಬಳಕ್ಕಿರುವವರದು. ಹೊಸದಾಗಿ ಸೇರಿದವರ ಪಕ್ಕದಲ್ಲಿ ಅನುಭವಿ ಒಬ್ಬರು ಇರುತ್ತಾರೆ. ಎಲ್ಲಿಗೆ ಕಳಿಸಬೇಕು, ಯಾರು ಹೇಗೆ ಉತ್ತರಿಸುತ್ತಾರೆ, ಯಾವ ಮಾತಿಗೆ ಬೇಜಾರು ಮಾಡಿಕೊಳ್ಳಬಾರದು ಎಂದು ಅವರು ಹೇಳಿಕೊಡುತ್ತಾರೆ. ಪಕ್ಕದಲ್ಲಿ ಕೇಳಲು ಒಬ್ಬ ಮನುಷ್ಯ ಇದ್ದರೆ ಎಂಥ ಕೆಟ್ಟ ಸಾಧನವನ್ನೂ ದಾಟಬಹುದು. ಯಾರೂ ಇಲ್ಲದಿದ್ದರೆ ಎಷ್ಟು ಚಂದದ ಗುಂಡಿ ಇದ್ದರೂ ಒಂದು ಪ್ಯಾಚಿಗೆ ಸಾಕಾಗಿ ಹೋಗುತ್ತದೆ.

ಬಿಲ್ಡ್ ಆಗದ ಕೋಡ್

ಕಳಿಸುವುದಕ್ಕಿಂತ ಮೊದಲೇ ಜನ ಕೈಬಿಡುವ ಜಾಗ ಇನ್ನೊಂದಿದೆ, ಬಿಲ್ಡ್. ಇದರ ಬಗ್ಗೆ ಮಾತಾಡುವವರು ಕಡಿಮೆ, ಯಾಕೆಂದರೆ ಇಲ್ಲಿ ಬಿಟ್ಟುಹೋದವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅವರು ಪ್ಯಾಚ್ ಕಳಿಸಲೇ ಇಲ್ಲ, ಕಮೆಂಟ್ ಹಾಕಲೂ ಇಲ್ಲ. ಸುಮ್ನೆ ಟರ್ಮಿನಲ್ ಮುಚ್ಚಿ ಎದ್ದು ಹೋದರು.

ದೊಡ್ಡ ಪ್ರಾಜೆಕ್ಟುಗಳಲ್ಲಿ ಕೆಲವು ಈ ಗೋಡೆಯನ್ನು ನಿಜವಾಗಿಯೂ ತಗ್ಗಿಸಿವೆ. ಫೈರ್‌ಫಾಕ್ಸ್‌ನಲ್ಲಿ ಒಂದು ಗುಂಡಿಯ ಬಣ್ಣ ಬದಲಿಸಬೇಕಾದರೂ ಹಿಂದೆ ಇಡೀ ಸಿ++ ಕೋಡನ್ನು ಕಂಪೈಲ್ ಮಾಡಬೇಕಿತ್ತು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಹಿಡಿಯುವ ಕೆಲಸ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಇದಕ್ಕೆ ಆರ್ಟಿಫ್ಯಾಕ್ಟ್ ಬಿಲ್ಡ್ ತಂದಿತು. ಆಗಲೇ ಕಂಪೈಲ್ ಆಗಿರುವ ಭಾಗಗಳು ಅವರ ಸರ್ವರಿನಿಂದ ಇಳಿಯುತ್ತವೆ, ಜಾವಾಸ್ಕ್ರಿಪ್ಟ್ ಮತ್ತು ಸ್ಟೈಲ್ ಫೈಲುಗಳನ್ನಷ್ಟೇ ನೀವು ಬದಲಿಸುತ್ತೀರಿ. ಕೆಲವೇ ನಿಮಿಷಗಳಲ್ಲಿ ನಿಮ್ಮದೇ ಫೈರ್‌ಫಾಕ್ಸ್ ತೆರೆದುಕೊಳ್ಳುತ್ತದೆ. ರಸ್ಟ್ ಭಾಷೆಯ ಕಂಪೈಲರ್ ಕೂಡ ಅದರೊಳಗಿನ ಭಾರಿ ಗಾತ್ರದ ಎಲ್‌ಎಲ್‌ವಿಎಂ ಅನ್ನು ಸಿದ್ಧರೂಪದಲ್ಲೇ ಇಳಿಸಿಕೊಳ್ಳಲು ಬಿಡುತ್ತದೆ. ಗ್ನೋಮ್‌ನವರು ಬಿಲ್ಡರ್ ಎಂಬ ಕೋಡ್ ಬರೆಯುವ ಸಾಧನವನ್ನೂ ಫ್ಲಾಟ್‌ಪ್ಯಾಕ್ ಎಂಬ ಆ್ಯಪ್ ಕಟ್ಟುವ ವ್ಯವಸ್ಥೆಯನ್ನೂ ಜೋಡಿಸಿ, ಒಂದು ಆ್ಯಪಿನ ಕೋಡ್ ಇಳಿಸಿ ಗುಂಡಿ ಒತ್ತಿದರೆ ಓಡುವ ಹಾಗೆ ಮಾಡಿದ್ದಾರೆ.

ಚಿಕ್ಕ ಪ್ರಾಜೆಕ್ಟುಗಳಿಗೆ ಇಷ್ಟೆಲ್ಲ ಕಟ್ಟುವ ಶಕ್ತಿ ಇರುವುದಿಲ್ಲ. ಅವರಲ್ಲಿ ಇರುವುದು ಬಿಲ್ಡ್ ಹೇಗೆ ಎಂದು ಹೇಳುವ ರೀಡ್‌ಮಿ ಫೈಲಿನ ಹತ್ತು ಸಾಲು. ಆ ಹತ್ತು ಸಾಲು ಕೊನೆಯ ಸಲ ಸರಿಯಿದ್ದದ್ದು ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ತಮ್ಮ ಕಂಪ್ಯೂಟರಿನಲ್ಲಿ ಎಲ್ಲವನ್ನೂ ವರ್ಷಗಳ ಹಿಂದೆಯೇ ಹೊಂದಿಸಿಕೊಂಡಿರುತ್ತಾರೆ. ಆ ಸಾಲುಗಳನ್ನು ಮತ್ತೆ ಓದುವ ಅಗತ್ಯವೇ ಅವರಿಗೆ ಬರುವುದಿಲ್ಲ. ಅವುಗಳನ್ನು ಮೊದಲಿನಿಂದ ಕೊನೆಯವರೆಗೆ ಪಾಲಿಸಿ ನೋಡುವವರು ಹೊಸಬರು ಮಾತ್ರ. ಹಾಗಾಗಿ ಎಲ್ಲಿ ಸಿಕ್ಕಿಹಾಕಿಕೊಂಡರು ಎಂದು ಹೊಸಬರು ಬರೆದು ತಿಳಿಸಿದರೆ ಅದೇ ಒಂದು ಒಳ್ಳೆಯ ಮೊದಲ ಕೊಡುಗೆ. ಇದಕ್ಕಿಂತ ಗಟ್ಟಿಯಾದ ಉಪಾಯವೂ ಇದೆ. ಅದೇ ಸಾಲುಗಳನ್ನು ಒಂದು ಸ್ಕ್ರಿಪ್ಟ್ ಮಾಡಿ, ಖಾಲಿ ಯಂತ್ರದಲ್ಲಿ ವಾರಕ್ಕೊಮ್ಮೆ ತಾನಾಗಿಯೇ ಓಡುವ ಹಾಗೆ ಮಾಡುವುದು. ಮುರಿದ ದಿನವೇ ಗೊತ್ತಾಗುತ್ತದೆ. ಅರ್ಧ ದಿನದ ಕೆಲಸ, ಆದರೂ ಇದನ್ನು ಮಾಡಿರುವ ಪ್ರಾಜೆಕ್ಟುಗಳು ಕಾಣುವುದು ಅಪರೂಪ.

ಮೊದಲ ಕೆಲಸ ಯಾವುದು?

ಬಿಲ್ಡ್ ಆಯಿತು ಅನ್ನೋಣ. ಈಗ ಏನು ಮಾಡಬೇಕು? ಸರಿ ಮಾಡಬೇಕಾದ ಕೆಲಸಗಳ (ಇಶ್ಯೂಗಳ) ಪಟ್ಟಿಯಲ್ಲಿ ಹೊಸಬರಿಗೆ ತಕ್ಕವುಗಳ ಪಕ್ಕ ‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲ್ ಬಂದದ್ದು ಈ ಪ್ರಶ್ನೆಗೆ. ಮೊಜಿಲ್ಲಾದಲ್ಲಿ ಗುಡ್ ಫಸ್ಟ್ ಬಗ್, ಲಿಬ್ರೆಆಫೀಸ್ ಎಂಬ ಆಫೀಸ್ ಸಾಫ್ಟ್‌ವೇರಿನಲ್ಲಿ ಈಸಿ ಹ್ಯಾಕ್, ರಸ್ಟ್‌ನಲ್ಲಿ ಇ-ಈಸಿ. ಹೆಸರು ಬೇರೆ, ಉದ್ದೇಶ ಒಂದೇ.

ಲಿಬ್ರೆಆಫೀಸ್‌ನ ಉದಾಹರಣೆ ನನಗೆ ಬಹಳ ಇಷ್ಟ. ಅದರ ಕೋಡ್ ಹುಟ್ಟಿದ್ದು ಜರ್ಮನಿಯ ಸ್ಟಾರ್‌ಆಫೀಸ್‌ನಲ್ಲಿ. ಹಾಗಾಗಿ ಕೋಡಿನ ತುಂಬ ಜರ್ಮನ್ ಭಾಷೆಯ ಕಮೆಂಟುಗಳಿದ್ದವು (ಕೋಡ್ ಓದುವವರಿಗಾಗಿ ನಡುವೆ ಬರೆದ ಟಿಪ್ಪಣಿಗಳು). ಸ್ಟಾರ್‌ಆಫೀಸ್‌ನಿಂದ ಬೆಳೆದ ಓಪನ್‌ಆಫೀಸ್‌ನಿಂದ 2010ರಲ್ಲಿ ಲಿಬ್ರೆಆಫೀಸ್ ಬೇರೆಯಾದಾಗ, ಆ ಕಮೆಂಟುಗಳನ್ನು ಇಂಗ್ಲಿಷಿಗೆ ತರುವುದನ್ನು ಹೊಸಬರ ಕೆಲಸವಾಗಿ ಇಟ್ಟರು. ಯೋಚಿಸಿ ನೋಡಿ, ಎಷ್ಟು ಜಾಣತನದ ಆಯ್ಕೆ. ಪ್ರೋಗ್ರಾಂ ಕೆಡುವ ಭಯ ಇಲ್ಲ. ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಬಹುದು. ಜರ್ಮನ್ ಬಲ್ಲವರಿಗೆ ಸಿ++ ಆಳವಾಗಿ ಗೊತ್ತಿರಬೇಕಿಲ್ಲ. ಕಮೆಂಟ್ ಅನುವಾದಿಸುತ್ತಲೇ ಕೋಡ್ ಓದುವ ಅಭ್ಯಾಸ ಆಗುತ್ತದೆ, ಪ್ಯಾಚ್ ಕಳಿಸುವ ಕ್ರಮ ಕೈಗೆ ಹತ್ತುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಪ್ರಾಜೆಕ್ಟಿಗೆ ನಿಜವಾಗಿ ಬೇಕಿದ್ದ ಕೆಲಸ. ಹೊಸಬರನ್ನು ಸಮಾಧಾನ ಮಾಡಲು ಹುಟ್ಟಿಸಿದ್ದಲ್ಲ.

ಉಳಿದ ಎಷ್ಟೋ ಕಡೆ ಈ ಲೇಬಲ್ ಹೆಸರಿಗಷ್ಟೇ ಇದೆ. ‘ದಾಖಲೆ ಸುಧಾರಿಸಿ’ ಎಂಬ ಒಂದು ಸಾಲು, ಅದರ ಪಕ್ಕ ಲೇಬಲ್. ಯಾವ ದಾಖಲೆ, ಯಾವ ಭಾಗ, ಸುಧಾರಿಸಿದರೆ ಹೇಗಿರಬೇಕು? ತಲೆಬುಡ ತಿಳಿಯುವುದಿಲ್ಲ. ಒಂದು ಒಳ್ಳೆಯ ಮೊದಲ ಇಶ್ಯೂ ಹೀಗಿರುತ್ತದೆ: ಈಗ ಹೀಗಾಗುತ್ತಿದೆ, ಹೀಗಾಗಬೇಕು. ಈ ಫೈಲಿನ ಈ ಫಂಕ್ಷನ್ನಿನಲ್ಲಿ ನೋಡಿ. ಇಂಥದ್ದೇ ತಿದ್ದುಪಡಿ ಹಿಂದೆ ಈ ಕಮಿಟ್‌ನಲ್ಲಿ ಆಗಿದೆ. ಈ ಟೆಸ್ಟ್ ಓಡಿಸಿ. ಸಿಕ್ಕಿಕೊಂಡರೆ ಇವರನ್ನು ಕೇಳಿ. ನಮ್ಮ ಮೊದಲಿನ ತಪ್ಪು ಸಂದೇಶವನ್ನೇ ತೆಗೆದುಕೊಂಡರೆ, ಇಷ್ಟು ಬರೆಯುವಷ್ಟರಲ್ಲಿ ಮೇಂಟೇನರ್ ಅದನ್ನು ತಾವೇ ಸರಿ ಮಾಡಿ ಮುಗಿಸಬಹುದಿತ್ತು. ಇದು ನಿಜ, ಬಚ್ಚಿಡುವಂಥದ್ದೇನಲ್ಲ. ಹಾಗೆ ಬರೆಯುವುದು ಆ ನಾಲ್ಕು ಸಾಲಿಗಾಗಿ ಅಲ್ಲವೇ ಅಲ್ಲ. ಮುಂದೆ ನಲವತ್ತು ಪ್ಯಾಚ್ ಬರೆಯಬಲ್ಲ ಒಬ್ಬರಿಗಾಗಿ. ಈ ಲೆಕ್ಕ ಒಪ್ಪಿಗೆಯಾಗದ ಪ್ರಾಜೆಕ್ಟುಗಳು ಲೇಬಲ್ ಹಾಕದಿರುವುದೇ ಒಳ್ಳೆಯದು. ಸುಳ್ಳು ಕರೆಗಿಂತ ಮೌನ ವಾಸಿ.

ಇನ್ನೊಂದು ತಾಪತ್ರಯವೂ ಇದೆ. ‘ಇದನ್ನು ನಾನು ಮಾಡುತ್ತೇನೆ, ನನಗೆ ಕೊಡಿ’ ಎಂದು ಒಬ್ಬರು ಬರೆಯುತ್ತಾರೆ. ಆಮೇಲೆ ಪತ್ತೆ ಇರುವುದಿಲ್ಲ. ಬೇರೆಯವರು ಅದನ್ನು ಮುಟ್ಟಲು ಸಂಕೋಚಪಡುತ್ತಾರೆ. ಇದಕ್ಕೆ ಒಂದು ಗಡುವು ಇಟ್ಟರೆ ಸಾಕು. ಎರಡು ವಾರ ಸದ್ದಿಲ್ಲದಿದ್ದರೆ ಇಶ್ಯೂ ಮತ್ತೆ ಎಲ್ಲರಿಗೂ ಮುಕ್ತ.

ಕಾನೂನಿನ ಕಾಗದದ ಬಗ್ಗೆ ಎರಡೇ ಮಾತು. ಕೆಲವು ಪ್ರಾಜೆಕ್ಟುಗಳು ಪ್ಯಾಚ್ ಒಪ್ಪುವ ಮೊದಲು ಒಂದು ಒಪ್ಪಂದಕ್ಕೆ ಸಹಿ ಕೇಳುತ್ತವೆ. ಉದ್ಯೋಗದಲ್ಲಿ ಇರುವವರು ಅದಕ್ಕೆ ತಮ್ಮ ಕಂಪನಿಯನ್ನು ಕೇಳಬೇಕಾಗಬಹುದು, ಎರಡು ಸಾಲಿನ ತಿದ್ದುಪಡಿಗೆ ಅಷ್ಟು ಯಾರು ಮಾಡುತ್ತಾರೆ? ಕರ್ನಲ್ 2004ರಲ್ಲಿ ಇದಕ್ಕೊಂದು ಹಗುರ ದಾರಿ ಕಂಡುಕೊಂಡಿತು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಕಮಿಟ್‌ನ ಕೊನೆಗೆ ಹೆಸರು ಹಾಕಿದರೆ ಮುಗಿಯಿತು. ಗಿಟ್‌ಲ್ಯಾಬ್ ಕಂಪನಿ 2017ರಲ್ಲಿ ಒಪ್ಪಂದ ಬಿಟ್ಟು ಈ ಪದ್ಧತಿಗೇ ಬಂತು. ಬೇರೆಯವರೂ ಬಂದರೆ ಒಳ್ಳೆಯದು.

ಕಳಿಸಿದ ಮೇಲೆ

ಪ್ಯಾಚ್ ಹೋಯಿತು. ಈಗ ಎಷ್ಟು ದಿನ ಕಾಯಬೇಕು?

ಮೊಜಿಲ್ಲಾದಲ್ಲಿ ತಮ್ಮ ಹೊಸ ಕೊಡುಗೆದಾರರ ಅಂಕಿ-ಅಂಶ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಮೊದಲ ಪ್ಯಾಚಿಗೆ 48 ಗಂಟೆಯೊಳಗೆ ರಿವ್ಯೂ (ಕೋಡ್ ಓದಿ ಕೊಡುವ ಅಭಿಪ್ರಾಯ) ಸಿಕ್ಕವರು ಮತ್ತೆ ಬರುವ ಪ್ರಮಾಣ ಬಹಳ ಹೆಚ್ಚು. 7 ದಿನಕ್ಕಿಂತ ಹೆಚ್ಚು ಕಾದವರು ಮತ್ತೆ ಬರುವುದು ಹೆಚ್ಚುಕಡಿಮೆ ಸೊನ್ನೆ. ಹೊಸಬರ ಬಗ್ಗೆ ಬಂದಿರುವ ಅಷ್ಟೂ ಸಲಹೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಇದನ್ನು.

ಕಾರಣ ಕಷ್ಟದ್ದೇನಲ್ಲ. ಮೊದಲ ಸಲ ಪ್ಯಾಚ್ ಕಳಿಸಿದವರಿಗೆ ಮೌನದ ಅರ್ಥ ತಿಳಿಯುವುದಿಲ್ಲ. ಹಳಬರಿಗೆ ಗೊತ್ತು, ಮೇಂಟೇನರ್ ಬಿಡುವಿಲ್ಲದೆ ಇರಬಹುದು, ಮುಂದಿನ ವಾರ ನೆನಪಿಸಿದರಾಯಿತು. ಹೊಸಬರು ಹಾಗೆ ಯೋಚಿಸುವುದಿಲ್ಲ. ‘ಏನೋ ದಡ್ಡತನ ಮಾಡಿದ್ದೇನೆ, ಅದಕ್ಕೇ ಯಾರೂ ಮಾತಾಡುತ್ತಿಲ್ಲ’ ಅಂದುಕೊಳ್ಳುತ್ತಾರೆ. ಜೊತೆಗೆ ದಿನ ಕಳೆದಂತೆ ಕೋಡ್ ತಲೆಯಿಂದ ಇಳಿದುಹೋಗುತ್ತದೆ. ಮೂರು ವಾರದ ನಂತರ ‘ಈ ವೇರಿಯಬಲ್ ಯಾಕೆ?’ ಎಂದು ಕೇಳಿದರೆ ಅವರಿಗೇ ನೆನಪಿರುವುದಿಲ್ಲ. ಅಷ್ಟರಲ್ಲಿ ಮೂಲ ಕೋಡ್ ಬದಲಾಗಿ ಪ್ಯಾಚ್ ಹೊಂದಿಕೆಯಾಗದೆ ಸಂಘರ್ಷ ತೋರಿಸುತ್ತಿರುತ್ತದೆ.

ಮೊದಲ ಉತ್ತರ ಪೂರ್ತಿ ರಿವ್ಯೂ ಆಗಿರಬೇಕಿಲ್ಲ. ‘ಪ್ಯಾಚ್ ನೋಡಿದೆ, ದಿಕ್ಕು ಸರಿ ಇದೆ. ಅನುಮತಿ ಇಲ್ಲದ ಸಂದರ್ಭಕ್ಕೆ ಒಂದು ಟೆಸ್ಟ್ ಸೇರಿಸಿ, ಇಂಥದ್ದೇ ಟೆಸ್ಟ್ ಪಕ್ಕದ ಫೈಲಿನಲ್ಲಿದೆ. ಉಳಿದದ್ದನ್ನು ವಾರಾಂತ್ಯದಲ್ಲಿ ನೋಡುತ್ತೇನೆ.’ ಇಷ್ಟು ಸಾಕು. ಓದಿದವರಿಗೆ ಮೂರು ವಿಷಯ ಗೊತ್ತಾಯಿತು: ಒಬ್ಬ ಮನುಷ್ಯ ನೋಡಿದ್ದಾರೆ, ಮಾಡಲು ಕೆಲಸ ಇದೆ, ಕಾಯುವುದಕ್ಕೆ ಒಂದು ಕೊನೆ ಇದೆ. ಬೋಟ್ (ತಾನಾಗಿಯೇ ಉತ್ತರಿಸುವ ಪ್ರೋಗ್ರಾಂ) ಕಳಿಸುವ ‘ಧನ್ಯವಾದ, ನಿಮ್ಮ ಕೊಡುಗೆ ನಮಗೆ ಅಮೂಲ್ಯ’ ಎಂಬ ಸಂದೇಶ ಈ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ. ರಸ್ಟ್‌ನ ಬೋಟ್ ಸ್ವಲ್ಪ ಉಪಯೋಗಕ್ಕೆ ಬರುವುದು ಯಾಕೆಂದರೆ ಅದು ನಿಜವಾದ ಒಬ್ಬ ರಿವ್ಯೂ ಮಾಡುವವರನ್ನು ಹೆಸರಿಸಿ ಆ ಪ್ಯಾಚಿಗೆ ಕಟ್ಟಿಹಾಕುತ್ತದೆ. ಯಾರ ಕೆಲಸವೂ ಅಲ್ಲದ್ದು ಒಬ್ಬರ ಕೆಲಸವಾಗುತ್ತದೆ.

ಬೇಡ ಅನ್ನುವುದೂ ಒಂದು ಉತ್ತರವೇ. ‘ಈ ಸೌಲಭ್ಯ ನಮ್ಮ ಪ್ರಾಜೆಕ್ಟಿಗೆ ಬೇಡ, ಕಾರಣ ಹೀಗಿದೆ’ ಎಂದು ಎರಡನೇ ದಿನ ಹೇಳಿದರೆ ಬೇಜಾರಾಗುತ್ತದೆ, ಆದರೆ ಜನ ಇನ್ನೊಂದು ಪ್ಯಾಚ್ ತರುತ್ತಾರೆ. ಆರು ತಿಂಗಳು ತೆರೆದಿಟ್ಟು ಆಮೇಲೆ ಯಾವುದೋ ಸ್ಕ್ರಿಪ್ಟ್ ‘ಚಟುವಟಿಕೆ ಇಲ್ಲ’ ಎಂದು ಮುಚ್ಚಿದರೆ ಅವರು ಮತ್ತೆ ಬರುವುದಿಲ್ಲ.

ಮಾತಿನ ಧಾಟಿಯೂ ಮುಖ್ಯ. ಕರ್ನಲ್‌ನಲ್ಲಿ ಒರಟು ಮಾತೇ ಗುಣಮಟ್ಟ ಕಾಯುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. 2018ರಲ್ಲಿ ಟೊರ್ವಾಲ್ಡ್ಸ್ ತಮ್ಮ ಕಟು ಇಮೇಲುಗಳಿಗೆ ಕ್ಷಮೆ ಕೇಳಿ ಸ್ವಲ್ಪ ದಿನ ಬಿಡುವು ತೆಗೆದುಕೊಂಡರು. ಅದೇ ಹೊತ್ತಿಗೆ ಕರ್ನಲ್ ಹೊಸ ನಡವಳಿಕೆ ನಿಯಮ ಒಪ್ಪಿಕೊಂಡಿತು. ಅದರಿಂದ ಕರ್ನಲ್ ಕೆಟ್ಟುಹೋಗಲಿಲ್ಲ. ಇನ್ನು ಸ್ಪೇಸ್, ಬ್ರಾಕೆಟ್, ಸಾಲಿನ ಉದ್ದದಂಥ ಸಂಗತಿಗಳನ್ನು ಮನುಷ್ಯರು ಹೇಳಲೇಬಾರದು. ಗೋ ಭಾಷೆಯ ಗೋಎಫ್‌ಎಂಟಿ, ಪೈಥಾನ್‌ನ ಬ್ಲ್ಯಾಕ್, ಸಿ++ನ ಕ್ಲ್ಯಾಂಗ್-ಫಾರ್ಮ್ಯಾಟ್ ಇರುವುದೇ ಅದಕ್ಕೆ. ಯಂತ್ರ ತಿದ್ದಿದರೆ ಯಾರಿಗೂ ಅವಮಾನ ಆಗುವುದಿಲ್ಲ. ಹತ್ತು ಚಿಲ್ಲರೆ ತಪ್ಪು ತೋರಿಸುವ ರಿವ್ಯೂ ಹೊಸಬರ ಕಣ್ಣಿಗೆ ಹತ್ತು ಏಟು. ಅಷ್ಟೂ ಸರಿ ಇದ್ದು ಕಮಿಟ್ ಸಂದೇಶದಲ್ಲಿ ಒಂದು ಅಕ್ಷರ ತಪ್ಪಿದ್ದರೆ, ವಾಪಸ್ ಕಳಿಸುವ ಬದಲು ಮರ್ಜ್ ಮಾಡುವಾಗ (ಮೂಲ ಕೋಡಿಗೆ ಸೇರಿಸುವಾಗ) ಮೇಂಟೇನರ್ ತಾವೇ ತಿದ್ದಬಹುದು, ಅಲ್ವಾ?

ಓದುವವರ ಹೊರೆ

ಇಷ್ಟು ಹೇಳಿ ನಿಲ್ಲಿಸಿದರೆ ಮೇಂಟೇನರುಗಳಿಗೆ ಅನ್ಯಾಯ ಮಾಡಿದಂತೆ. ಅವರು ಉತ್ತರಿಸದಿರುವುದು ಮನಸ್ಸಿಲ್ಲದೆ ಅಲ್ಲ. ಜಗತ್ತು ನೆಚ್ಚಿಕೊಂಡಿರುವ ಎಷ್ಟೋ ಸಾಫ್ಟ್‌ವೇರುಗಳನ್ನು ಒಬ್ಬರೋ ಇಬ್ಬರೋ ಸಂಬಳವಿಲ್ಲದೆ, ರಾತ್ರಿ ಬಿಡುವಿನಲ್ಲಿ ನಡೆಸುತ್ತಿದ್ದಾರೆ. ಅವರ ಬಾಗಿಲು ಸುಲಭವಾಗಿ ತೆರೆದಷ್ಟೂ ಒಳಗೆ ಬರುವುದೆಲ್ಲ ಅವರ ತಲೆಯ ಮೇಲೇ ಬೀಳುತ್ತದೆ.

ಹ್ಯಾಕ್ಟೋಬರ್‌ಫೆಸ್ಟ್ ಇದನ್ನು ಎಲ್ಲರ ಕಣ್ಣಿಗೂ ಕಾಣಿಸಿತು. ಡಿಜಿಟಲ್‌ಓಷನ್ ಕಂಪನಿ 2014ರಲ್ಲಿ ಶುರು ಮಾಡಿದ ಕಾರ್ಯಕ್ರಮ ಇದು. ಅಕ್ಟೋಬರ್ ತಿಂಗಳಲ್ಲಿ ಕೊಡುಗೆ ಕೊಟ್ಟವರಿಗೆ ಟೀ ಶರ್ಟ್. ಉದ್ದೇಶ ಒಳ್ಳೆಯದೇ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟಿಗೆ ಒಂದು ಅಂಗಿ ಎಂಬ ಲೆಕ್ಕ ಇತ್ತು. ರೀಡ್‌ಮಿ ಫೈಲಿಗೆ ಒಂದು ಅರ್ಥವಿಲ್ಲದ ಪದ ಸೇರಿಸಿ ಕಳಿಸುವವರ ಪ್ರವಾಹವೇ ಹರಿಯಿತು. ಆಯೋಜಕರು ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಿಸಬೇಕಾಯಿತು. ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಅನ್ವಯ ಎಂದರು. 2023ಕ್ಕೆ ಅಂಗಿಯೂ ನಿಂತಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿಗೆ ಇಂಥದ್ದೇ ಆಯಿತು. ಒಂದು ಪಾಠದ ವಿಡಿಯೋ ನೋಡಿದವರು ಸಾಲುಸಾಲಾಗಿ ಬಂದು ಅದರ ರೀಡ್‌ಮಿಗೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್ ಕಳಿಸಿದರು. ಅವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ನಂಬುವುದಿಲ್ಲ. ಕಳಿಸುವುದು ಹೇಗೆ ಎಂದು ಕಲಿಸಿದ್ದರು. ಆ ಕಡೆ ಅದನ್ನು ಓದಲು ಒಬ್ಬ ಮನುಷ್ಯ ಕೂತಿರುತ್ತಾರೆ ಎಂದು ಯಾರೂ ಹೇಳಿರಲಿಲ್ಲ.

ಮೋಸದ ಭಯವೂ ಸೇರಿಕೊಂಡಿದೆ. ಹೊಸಬರ ಪ್ಯಾಚಿನ ನೆಪದಲ್ಲಿ ಗಿಟ್‌ಹಬ್‌ನ ಟೆಸ್ಟ್ ಯಂತ್ರಗಳಲ್ಲಿ ಕ್ರಿಪ್ಟೋ ಗಣಿಗಾರಿಕೆ ನಡೆಸಲು ಹೊರಟವರಿದ್ದರು. ಅದಕ್ಕಾಗಿ 2021ರಿಂದ, ಮೊದಲ ಸಲ ಬಂದವರ ಟೆಸ್ಟ್ ಓಡಲು ಮೇಂಟೇನರ್ ಒಪ್ಪಿಗೆ ಒತ್ತಬೇಕು. ಸರಿಯಾದ ಕ್ರಮವೇ, ಆದರೆ ಪ್ರಾಮಾಣಿಕ ಹೊಸಬರಿಗೆ ಇನ್ನೊಂದು ಕಾಯುವಿಕೆ. ಮುಂದೆ 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಧನದ ಘಟನೆ ಬಯಲಾಯಿತು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್ ಕೊಟ್ಟು, ನಂಬಿಕೆ ಗಳಿಸಿ, ಕೊನೆಗೆ ಬೇರೆಯವರ ಯಂತ್ರಕ್ಕೆ ಕದ್ದು ನುಗ್ಗುವ ಹಿಂಬಾಗಿಲು ಇಟ್ಟರು. ಇದರಿಂದ ಹೊಸಬರೇ ಅಪಾಯ ಎಂದು ತೀರ್ಮಾನಿಸುವವರಿದ್ದಾರೆ. ನನಗೆ ಕಂಡದ್ದು ಬೇರೆ. ಅಲ್ಲಿ ದಣಿದ ಒಬ್ಬರೇ ಮೇಂಟೇನರ್ ಇದ್ದರು. ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಅಪರಿಚಿತ ಖಾತೆಗಳಿಂದ ಅವರ ಮೇಲೆ ಒತ್ತಡ ಬಿತ್ತು. ನಾಲ್ಕು ನಿಜವಾದ ಹೊಸಬರು ಮೊದಲೇ ಬೆಳೆದು ಪಕ್ಕದಲ್ಲಿ ನಿಂತಿದ್ದರೆ ಆ ಒತ್ತಡ ಅಷ್ಟು ಸುಲಭವಾಗಿ ಕೆಲಸ ಮಾಡುತ್ತಿರಲಿಲ್ಲ.

ಈಗ ಎಐ. ಕೋಡ್ ಬರೆಯುವ ಖರ್ಚು ಬಹುತೇಕ ಇಲ್ಲವಾಗಿದೆ. ಓದುವ ಖರ್ಚು ಹಾಗೇ ಇದೆ, ಇನ್ನೂ ಏರಿದೆ ಅಂದರೂ ಸರಿ. ಯಾಕೆಂದರೆ ಎಐ ಬರೆದ ತಪ್ಪು ಪ್ಯಾಚ್ ನೋಡಲು ಸರಿಯಾದ ಪ್ಯಾಚಿನ ಹಾಗೇ ಇರುತ್ತದೆ. ಮೊದಲೆಲ್ಲ ತಪ್ಪು ಪ್ಯಾಚಿಗೆ ಮೇಲುನೋಟಕ್ಕೇ ಒಂದು ಒರಟುತನ ಇರುತ್ತಿತ್ತು. ಈಗ ಒಳಗಿಳಿದು ನೋಡದೆ ಗೊತ್ತಾಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಡೇಟಾ ಸಾಗಿಸುವ ಕರ್ಲ್ ಪ್ರಾಜೆಕ್ಟಿನ ಡ್ಯಾನಿಯಲ್ ಸ್ಟೆನ್‌ಬರ್ಗ್ ಎಐ ಬರೆದ ಪೊಳ್ಳು ಭದ್ರತಾ ವರದಿಗಳ ಬಗ್ಗೆ 2024ರಿಂದಲೇ ದೂರುತ್ತಿದ್ದರು. 2019ರಿಂದ ನಡೆದಿದ್ದ, ಭದ್ರತಾ ದೋಷ ಹುಡುಕಿದವರಿಗೆ ಹಣ ಕೊಡುವ ಬಗ್ ಬಹುಮಾನ ಯೋಜನೆಯನ್ನು ಕರ್ಲ್ 2026ರ ಜನವರಿಯ ಕೊನೆಗೆ ನಿಲ್ಲಿಸಿತು. ಜೆಂಟೂ ಮತ್ತು ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂಗಳು 2024ರಲ್ಲೇ ಎಐ ಬರೆದ ಕೋಡಿಗೆ ತಡೆ ಹಾಕಿದ್ದವು. ಇನ್ನೊಂದು ಆಪರೇಟಿಂಗ್ ಸಿಸ್ಟಂ ಫೆಡೋರಾ 2025ರಲ್ಲಿ ಬೇರೆ ದಾರಿ ಹಿಡಿಯಿತು. ಎಐ ನೆರವು ಪಡೆಯಬಹುದು, ಆದರೆ ಅದನ್ನು ಹೇಳಬೇಕು, ಹೊಣೆ ಪೂರ್ತಿ ಕಳಿಸಿದವರದು. ಇದರಲ್ಲಿ ನನಗೆ ಸರಿ ಅನಿಸುವುದು ಫೆಡೋರಾ ದಾರಿ. ಪೂರ್ತಿ ತಡೆ ಹಾಕಿದರೆ ಪ್ರಾಮಾಣಿಕರು ಮಾತ್ರ ಸಿಕ್ಕಿಬೀಳುತ್ತಾರೆ.

ಇಲ್ಲಿ ಒಂದು ಸುಳಿ ಇದೆ, ಅದೇ ಇವತ್ತಿನ ನಿಜವಾದ ಸಮಸ್ಯೆ. ಕಳಿಸುವುದು ಸುಲಭವಾದಷ್ಟೂ ಓದಲು ಕಾದಿರುವ ಪ್ಯಾಚುಗಳ ಸಾಲು ಉದ್ದವಾಗುತ್ತದೆ. ಸಾಲು ಉದ್ದವಾದಷ್ಟೂ ಉತ್ತರ ತಡವಾಗುತ್ತದೆ. ಉತ್ತರ ತಡವಾದರೆ ಮೊದಲು ಬಿಟ್ಟುಹೋಗುವುದು ಮನಸ್ಸಿಟ್ಟು ಪ್ಯಾಚ್ ಬರೆದ ಹೊಸಬರು. ಎಣಿಕೆಗಾಗಿ ಕಳಿಸುವವರಿಗೆ ಉತ್ತರದ ಗೊಡವೆಯೇ ಇಲ್ಲ, ಅವರು ಕಳಿಸುತ್ತಲೇ ಇರುತ್ತಾರೆ. ಹಾಗಾಗಿ ಕಳಿಸುವ ಗುಂಡಿಯನ್ನು ಮಾತ್ರ ಇನ್ನಷ್ಟು ನುಣುಪು ಮಾಡಿದರೆ ಯಾರಿಗಾಗಿ ಮಾಡುತ್ತೇವೋ ಅವರಿಗೇ ನಷ್ಟ.

ಯಾವ ತೊಡಕು ಇರಲಿ, ಯಾವುದು ಹೋಗಲಿ

ಎಲ್ಲ ತೊಡಕೂ ಕೆಟ್ಟದ್ದಲ್ಲ. ಮೇಲ್ ಸರ್ವರ್ ಹೊಂದಿಸುವುದು, ಹಳಸಿದ ರೀಡ್‌ಮಿ ಜೊತೆ ಗುದ್ದಾಡುವುದು, ಸಹಿ ಹುಡುಕುವುದು, ಇವುಗಳಿಂದ ಪ್ಯಾಚ್ ಒಂದಿಷ್ಟೂ ಉತ್ತಮ ಆಗುವುದಿಲ್ಲ. ಇವು ಹೋಗಲೇಬೇಕು. ಆದರೆ ‘ಈ ತೊಂದರೆ ಮತ್ತೆ ಕಾಣಿಸಿಕೊಳ್ಳುವಂತೆ ಮಾಡುವುದು ಹೇಗೆ ಎಂದು ಬರೆಯಿರಿ’, ‘ಹಳೆಯ ಕೋಡಿನಲ್ಲಿ ಸೋಲುವ, ಹೊಸದರಲ್ಲಿ ಗೆಲ್ಲುವ ಒಂದು ಟೆಸ್ಟ್ ಕೊಡಿ’, ‘ಯಾಕೆ ಹೀಗೆ ಸರಿ ಮಾಡಿದಿರಿ, ನಿಮ್ಮದೇ ಮಾತಿನಲ್ಲಿ ಹೇಳಿ’ ಎಂದು ಕೇಳುವುದು ಬೇರೆ ಮಾತು. ಇವುಗಳಿಗೆ ಉತ್ತರಿಸುವಾಗ ಹೊಸಬರು ಕಲಿಯುತ್ತಾರೆ. ಮೇಂಟೇನರ್ ಓದುವ ಕೆಲಸ ಹಗುರಾಗುತ್ತದೆ. ಏನೂ ತಿಳಿಯದೆ ಕಳಿಸಿದವರು ಇಲ್ಲೇ ಉದುರಿಹೋಗುತ್ತಾರೆ. ಪುಲ್ ರಿಕ್ವೆಸ್ಟ್ ಫಾರಂನಲ್ಲಿ ಹದಿನೈದು ಟಿಕ್ ಗುರುತು ಇಡುವ ಬದಲು ಈ ಮೂರು ಪ್ರಶ್ನೆ ಇಟ್ಟರೆ ಸಾಕು.

ಇನ್ನೊಂದು ದಾರಿ, ಓದುವವರ ಸಂಖ್ಯೆಯನ್ನೇ ಬೆಳೆಸುವುದು. ಎಲ್ಲರೂ ಹೊಸಬರಿಗೆ ಪ್ಯಾಚ್ ಬರೆಯಲು ಹೇಳುತ್ತಾರೆ. ರಿವ್ಯೂ ಮಾಡಲು ಕರೆಯುವವರು ಕಡಿಮೆ. ಸರ್ವರುಗಳಲ್ಲಿ ಸಾಫ್ಟ್‌ವೇರ್ ನಡೆಸಲು ಬಳಸುವ ಕುಬರ್ನೆಟೀಸ್ ಪ್ರಾಜೆಕ್ಟ್ ಇದಕ್ಕೆ ಮೆಟ್ಟಿಲು ಮಾಡಿದೆ: ಮೊದಲು ಸದಸ್ಯ, ಆಮೇಲೆ ರಿವ್ಯೂವರ್, ಆಮೇಲೆ ಅಪ್ರೂವರ್. ಯಾವ ಫೋಲ್ಡರಿಗೆ ಯಾರು ಎಂದು ಕೋಡಿನ ಒಳಗೇ ಒಂದು ಫೈಲಿನಲ್ಲಿ ಬರೆದಿರುತ್ತದೆ. ಐದಾರು ಪ್ಯಾಚ್ ಒಪ್ಪಿಗೆಯಾದವರು ಮುಂದೆ ಬರುವ ಹೊಸಬರ ಬಿಲ್ಡ್ ಪ್ರಶ್ನೆಗೆ, ಟೆಸ್ಟ್ ಪ್ರಶ್ನೆಗೆ ಖಂಡಿತ ಉತ್ತರಿಸಬಲ್ಲರು. ಹೇಳಬೇಕೆಂದರೆ, ಹತ್ತು ವರ್ಷದ ಹಳಬರಿಗಿಂತ ಚೆನ್ನಾಗಿ, ಯಾಕೆಂದರೆ ಆ ಕಷ್ಟ ಅವರಿಗೆ ಇನ್ನೂ ಮರೆತಿಲ್ಲ.

ದುಡ್ಡಿನ ವಿಷಯವನ್ನೂ ಬಿಡಬಾರದು. ಹೊಸಬರಿಗೆ ದುಡ್ಡು ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರೂ ಸೇರಬಹುದು. ಗ್ನೋಮ್‌ನಲ್ಲಿ ಹುಟ್ಟಿ ಬೆಳೆದ ಔಟ್‌ರೀಚಿ, ಅವಕಾಶ ಕಡಿಮೆ ಸಿಕ್ಕವರನ್ನು ಹುಡುಕಿ ಕರೆತರುತ್ತದೆ, ಸಂಭಾವನೆಯನ್ನೂ ಕೊಡುತ್ತದೆ. ಅರ್ಜಿ ಹಾಕುವ ಹಂತದಲ್ಲೇ ಒಂದು ನಿಜವಾದ ಕೊಡುಗೆ ಕೊಡಬೇಕು ಎಂಬುದು ಅದರ ನಿಯಮ. ಈ ಎರಡರಲ್ಲೂ ಪ್ರತಿ ಹೊಸಬರಿಗೂ ಹೆಸರಿರುವ ಒಬ್ಬ ಮೆಂಟರ್ ಇರುತ್ತಾರೆ. ಇವು ಫಲ ಕೊಡುವುದಕ್ಕೆ ಅದೇ ಮುಖ್ಯ ಕಾರಣ ಎಂಬುದು ನನ್ನ ನಂಬಿಕೆ. ಓಪನ್ ಸೋರ್ಸ್ ಮೇಲೆ ವ್ಯಾಪಾರ ಕಟ್ಟಿರುವ ಕಂಪನಿಗಳು ಹೊಸ ಸೌಲಭ್ಯಕ್ಕೆ ಹಣ ಕೊಡುತ್ತವೆ. ವಾರಕ್ಕೆ ಒಂದು ದಿನ ಬೇರೆಯವರ ಪ್ಯಾಚ್ ಓದಲು ತಮ್ಮ ಎಂಜಿನಿಯರುಗಳನ್ನು ಬಿಟ್ಟುಕೊಟ್ಟರೆ ಅದಕ್ಕಿಂತ ಹೆಚ್ಚಿನ ಉಪಕಾರ.

ಈಗ ಶುರು ಮಾಡಬೇಕು ಅಂದುಕೊಂಡಿರುವವರಿಗೂ ಒಂದೆರಡು ಮಾತು. ಪ್ರಾಜೆಕ್ಟ್ ಆರಿಸುವಾಗ ಗಿಟ್‌ಹಬ್‌ನಲ್ಲಿ ಮೆಚ್ಚಿದವರು ಅದಕ್ಕೆ ಕೊಟ್ಟ ನಕ್ಷತ್ರಗಳನ್ನು ಎಣಿಸಬೇಡಿ. ಮುಚ್ಚಿದ ಪುಲ್ ರಿಕ್ವೆಸ್ಟುಗಳ ಪಟ್ಟಿ ತೆರೆಯಿರಿ. ಕಳೆದ ಒಂದೆರಡು ತಿಂಗಳಲ್ಲಿ ಹೊರಗಿನವರ ಪ್ಯಾಚ್ ಒಪ್ಪಿಗೆಯಾಗಿದೆಯಾ, ಮೊದಲ ಉತ್ತರ ಎಷ್ಟು ದಿನಕ್ಕೆ ಬಂದಿದೆ, ಯಾವ ಧಾಟಿಯಲ್ಲಿದೆ ನೋಡಿ. ಹತ್ತು ನಿಮಿಷದಲ್ಲಿ ಆ ಮನೆಯ ಹವಾ ಗೊತ್ತಾಗುತ್ತದೆ. ನೀವು ದಿನಾ ಬಳಸುವ ಸಾಫ್ಟ್‌ವೇರ್ ಆದರೆ ಇನ್ನೂ ಒಳ್ಳೆಯದು, ಏನು ಕೆಟ್ಟಿದೆ ಎಂದು ನಿಮಗೆ ಯಾರೂ ಹೇಳಬೇಕಿಲ್ಲ. ಉತ್ತರ ಬರದಿದ್ದರೆ ನೆನಪಿಸಲು ಹಿಂಜರಿಯಬೇಡಿ. ಕರ್ನಲ್‌ನವರ ಸೂಚನೆಯಲ್ಲೇ ಇದೆ: ಉತ್ತರಕ್ಕೆ ಎರಡು ಮೂರು ವಾರ ಹಿಡಿಯಬಹುದು, ಕನಿಷ್ಠ ಒಂದು ವಾರ ಕಾದು ನೆನಪಿಸಿ. ವಿನಯದ ಒಂದು ಸಾಲು ಸಾಕು, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಾಜೆಕ್ಟ್ ನಡೆಸುವವರು ಇಂದೇ ಮಾಡಬಹುದಾದ ಒಂದು ಕೆಲಸ ಇದೆ. ಕಳೆದ ಆರು ತಿಂಗಳಲ್ಲಿ ಮೊದಲ ಸಲ ಪ್ಯಾಚ್ ಕಳಿಸಿದವರ ಪ್ರತ್ಯೇಕ ಪಟ್ಟಿ ಮಾಡಿ. ಪ್ರತಿಯೊಬ್ಬರಿಗೂ ಮೊದಲ ಮಾನವ ಉತ್ತರ ಎಷ್ಟು ದಿನಕ್ಕೆ ಹೋಯಿತು ಎಂದು ಬರೆಯಿರಿ. ಬೋಟ್ ಉತ್ತರ ಲೆಕ್ಕಕ್ಕಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಒಂದು ವಾರ ದಾಟಿ ಕಾದಿದ್ದರೆ ಹೊಸ ಲೇಬಲ್, ಹೊಸ ಅಭಿಯಾನ, ಹೊಸ ಸ್ವಾಗತ ಪುಟ ಎಲ್ಲವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಇಬ್ಬರನ್ನು ಹೆಸರಿಸಿ ಕಾದಿರುವ ಆ ಪ್ಯಾಚುಗಳನ್ನು ಓದಲು ಕೂರಿಸಿ.